ಎಲ್ಲಿ ಸಿಕ್ಕಿತು?

ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಹೊಲದಲ್ಲಿ ಸಿಕ್ಕ ಹಳೆಯ ಮಡಕೆ ಚೂರೊಂದನ್ನು ತೊಳೆದು ಶಾಲೆಗೆ ತಂದಿದ್ದೆ. ಸಮಾಜ ವಿಜ್ಞಾನದ ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, “ಎಲ್ಲಿ ಸಿಕ್ಕಿತು? ಎಷ್ಟು ಆಳದಲ್ಲಿತ್ತು? ಜೊತೆಗೆ ಇನ್ನೇನಿತ್ತು?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಗಳ ಬೆಲೆ ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಮಾಯಾ ಜನರ ಚಿತ್ರಿತ ಮಡಕೆಗಳ ಬಗ್ಗೆ ಓದಿದಾಗ.

ಇಂದಿನ ಗ್ವಾಟೆಮಾಲಾ, ಬೆಲೀಜ್ ಮತ್ತು ದಕ್ಷಿಣ ಮೆಕ್ಸಿಕೊದಲ್ಲಿ ಸುಮಾರು ಕ್ರಿ.ಶ. 250ರಿಂದ 900ರವರೆಗೆ ಮಾಯಾ ನಗರಗಳು ಮೆರೆದವು. ಅಲ್ಲಿನ ಕುಂಬಾರರು ತಿಗರಿಯಿಲ್ಲದೆ ಕೈಯಿಂದಲೇ ಪಾತ್ರೆ ಮಾಡಿ, ಅದರ ಮೇಲೆ ಅರಸರ, ದೇವತೆಗಳ ಚಿತ್ರ ಬರೆಯುತ್ತಿದ್ದರು. ಪಾತ್ರೆ ಯಾರದು, ಅದರಲ್ಲಿ ಏನು ಕುಡಿಯುತ್ತಿದ್ದರು ಎಂಬುದನ್ನೂ ಎಷ್ಟೋ ಪಾತ್ರೆಗಳ ಅಂಚಿನಲ್ಲಿ ಬರೆದಿರುತ್ತಿದ್ದರು.

ಇವಕ್ಕೆ ಹೊರದೇಶಗಳಲ್ಲಿ ಬೆಲೆ ಬಂದೊಡನೆ ಕಳ್ಳರು ಗೋರಿಗಳನ್ನು ಅಗೆದರು. ನಕಲಿ ಮಾಡುವವರೂ ಹುಟ್ಟಿಕೊಂಡರು. ಮಾಸಿದ ಚಿತ್ರದ ಮೇಲೆ ಹೊಸ ಬಣ್ಣ ಬಳಿದು ಮಾರಿದ್ದೂ ಉಂಟು.

ಅಸಲಿಯನ್ನು ಗುರುತಿಸಲು ಥರ್ಮೋಲ್ಯೂಮಿನೆಸೆನ್ಸ್ ಎಂಬ ಪರೀಕ್ಷೆಯಿದೆ. ಸುಟ್ಟ ಮಣ್ಣಿನೊಳಗಿನ ಹರಳುಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ಕೂಡಿಡುತ್ತವೆ. ಚೂರನ್ನು ಮತ್ತೆ ಕಾಯಿಸಿದರೆ ಆ ಶಕ್ತಿ ಬೆಳಕಾಗಿ ಹೊರಬರುತ್ತದೆ. ಅದನ್ನು ಅಳೆದು, ಮಡಕೆ ಸುಟ್ಟು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕುತ್ತಾರೆ. ಆದರೆ ಹಳೆಯ ಬೋಳು ಮಡಕೆಯ ಮೇಲೆ ನಿನ್ನೆ ಚಿತ್ರ ಬರೆದಿದ್ದರೂ ಈ ಪರೀಕ್ಷೆ ಮಡಕೆಯನ್ನು ಹಳೆಯದೆಂದೇ ಹೇಳುತ್ತದೆ. ಹಾಗಾಗಿ ನೇರಳಾತೀತ ಬೆಳಕಿನಲ್ಲಿ ಹೊಸ ಬಣ್ಣವನ್ನು ಹುಡುಕುತ್ತಾರೆ. ಲಿಪಿ ಬಲ್ಲವರು ಬರಹವನ್ನು ಪರಿಶೀಲಿಸುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕ ಜಾಗ. ಗ್ವಾಟೆಮಾಲಾದ ರಿಯೊ ಅಸುಲ್‌ನಲ್ಲಿ ಕಳ್ಳರು ಅನೇಕ ಗೋರಿಗಳನ್ನು ಬರಿದು ಮಾಡಿದ್ದರು. 1984ರಲ್ಲಿ, ಅವರ ಕೈ ತಾಗದೆ ಉಳಿದಿದ್ದ ಗೋರಿಯೊಂದರಲ್ಲಿ, ತಿರುಗಿಸಿ ಮುಚ್ಚುವ ಮುಚ್ಚಳದ ಮಡಕೆಯೊಂದು ಸಂಶೋಧಕರಿಗೆ ಸಿಕ್ಕಿತು. ಅದರ ಮೇಲಿನ ಬರಹದಲ್ಲಿ ಡೇವಿಡ್ ಸ್ಟುವರ್ಟ್ ‘ಕಕಾವ್’, ಅಂದರೆ ಕೋಕೋ, ಎಂಬ ಪದವನ್ನು ಓದಿದರು. ಒಳಗೆ ಅಂಟಿದ್ದ ಪುಡಿಯನ್ನು ಹರ್ಷೀಸ್ ಚಾಕೊಲೇಟ್ ಕಂಪನಿಯ ಪ್ರಯೋಗಾಲಯ ಪರೀಕ್ಷಿಸಿದಾಗ ಕೋಕೋದ ರಾಸಾಯನಿಕಗಳೇ ಕಂಡವು. ಅಕ್ಷರ, ರಸಾಯನ, ಸಿಕ್ಕ ಜಾಗ ಮೂರೂ ಒಂದೇ ಮಾತು ಹೇಳಿದವು. ಕದ್ದು ತಂದ ಮಡಕೆ ಅಸಲಿಯೇ ಆದರೂ ಅದರ ಅರ್ಧ ಕಥೆ ಗೋರಿಯಲ್ಲೇ ಹಾಳಾಗಿರುತ್ತದೆ.

ನಾನು ತಂದ ಚೂರಿನ ಕಥೆಯೂ ಹಾಗೇ ಹೋಯಿತು. ಊರಿನ ಹಿರಿಯರಲ್ಲಿ, ಶಾಲೆಯ ಮಕ್ಕಳಲ್ಲಿ ನನ್ನದೊಂದೇ ವಿನಂತಿ: ಪಾಯ ತೋಡುವಾಗಲೋ ಉಳುವಾಗಲೋ ಹಳೆಯ ಚೂರು, ಕಲ್ಲು ಕಂಡರೆ ಎತ್ತಬೇಡಿ, ತೊಳೆಯಬೇಡಿ. ಇದ್ದಲ್ಲೇ ಬಿಟ್ಟು ಮೊದಲು ನಮ್ಮ ಶಾಲೆಗೆ ತಿಳಿಸಿ.