ಕರಾವಳಿಯ ಮುಂಬಯಿ ದಾರಿ

ಮಂಗಳೂರಿಗೆ 1907ರಲ್ಲಿ ರೈಲು ಬಂದದ್ದು ದಕ್ಷಿಣದಿಂದ, ಕಲ್ಲಿಕೋಟೆ ಮತ್ತು ಕಣ್ಣೂರುಗಳ ಮೂಲಕ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಹಳಿಗಳು ಆಳುವವರ ಪಟ್ಟಣದತ್ತ ಸಾಗಿದ್ದು ಸಹಜವೇ ಆಗಿತ್ತು. ಆದರೆ ಜಿಲ್ಲೆಯ ಜನ ದುಡಿಮೆಗೆಂದು ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು ಉತ್ತರಕ್ಕೆ, ಮುಂಬಯಿಗೆ. ರೈಲು ಬರುವ ಮೊದಲೇ, 1902ರಲ್ಲಿ, ಕರಾವಳಿಯ ಮೀನುಗಾರ ಸಮುದಾಯವಾದ ಮೊಗವೀರರು ಆ ನಗರದಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡಿದ್ದರೆಂಬುದು ಈ ವಲಸೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ. ಮುಂದೆ ಉಡುಪಿ ಹೋಟೆಲುಗಳು ಹಬ್ಬಿದಂತೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗರ ತಲೆಮಾರುಗಳೇ ಅಲ್ಲಿ ಬೆಳೆದವು. 1862ರಿಂದ ಮುಂಬಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡದ ಕರಾವಳಿಗಂತೂ ಯಾವ ದಿಕ್ಕಿನ ರೈಲೂ ಇರಲಿಲ್ಲ. ಜನ ಹೋಗಬೇಕಾದ ದಿಕ್ಕಿಗೆ ಹಳಿಯಿಲ್ಲದ ಈ ಸ್ಥಿತಿ 90 ವರ್ಷ ಮುಂದುವರಿದದ್ದು ಕರಾವಳಿಯ ಸಾಮಾಜಿಕ ಚರಿತ್ರೆಯಲ್ಲಿ ಸಾಕಷ್ಟು ಗಮನ ಪಡೆಯದ ಸಂಗತಿ.

ಮೊದಲ ತಲೆಮಾರುಗಳಿಗೆ ಸಮುದ್ರವೇ ಹೆದ್ದಾರಿಯಾಗಿತ್ತು. ಕರಾವಳಿಯ ಉದ್ದಕ್ಕೂ ಬಂದರಿನಿಂದ ಬಂದರಿಗೆ ಸಾಗುತ್ತಿದ್ದ ಉಗಿಹಡಗುಗಳು ಜನರನ್ನೂ ಸರಕನ್ನೂ ಒಟ್ಟಿಗೆ ಒಯ್ಯುತ್ತಿದ್ದವು. ಮಂಗಳೂರಿನ ಹಳೆ ಬಂದರು ಇದ್ದುದು ಅಳಿವೆಯಲ್ಲಿ, ಅಂದರೆ ನದಿ ಸಮುದ್ರವನ್ನು ಸೇರುವ ಕಡೆಯಲ್ಲಿ. ಅಲ್ಲಿ ಮರಳು ತುಂಬಿ ನೀರಿನ ಆಳ ಕಡಿಮೆಯಾಗಿದ್ದುದರಿಂದ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು, ಪ್ರಯಾಣಿಕರು ದೋಣಿಗಳಲ್ಲಿ ಅಲ್ಲಿಗೆ ಹೋಗಿ ಹತ್ತಬೇಕಾಗಿತ್ತು. ಮುಂಗಾರು ಆರಂಭವಾಯಿತೆಂದರೆ ಈ ದಾರಿಯೂ ಮುಚ್ಚುತ್ತಿತ್ತು. ನೆಲದ ದಾರಿಯನ್ನು ನದಿಗಳು ತುಂಡರಿಸಿದ್ದವು: ಶಾಂಭವಿ, ಸ್ವರ್ಣಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಘಟ್ಟದಿಂದಿಳಿದ ಒಂದೊಂದು ಹೊಳೆಗೂ ಒಂದೊಂದು ಕಡವು, ಅಂದರೆ ದೋಣಿಯಲ್ಲಿ ದಾಟುವ ಸ್ಥಳ, ಇತ್ತು. ಮಳೆಗಾಲದಲ್ಲಿ ಮುಂಬಯಿಯಲ್ಲಿದ್ದವರಿಗೆ ಊರಿನಲ್ಲಿ ಸಾವಾದರೂ ಬರಲಾಗದಿದ್ದುದು ಕೇವಲ ಬಡತನದಿಂದಲ್ಲ.

ಮಂಗಳೂರಿನ ಬಳಿ ಬಜಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರಿನಲ್ಲಿ ತೆರೆಯಿತು. ಹೀಗೆ ಮಂಗಳೂರಿಗೆ ಮುಂಬಯಿಯತ್ತ ನೇರ ರೈಲು ದಾರಿ ದೊರೆಯುವುದಕ್ಕಿಂತ 46 ವರ್ಷ ಮೊದಲೇ ಆಕಾಶದ ದಾರಿ ದೊರೆಯಿತು. ಆದರೆ ಹೋಟೆಲು ಮಾಣಿಗೆ ಆ ದಾರಿಯಿಂದ ಪ್ರಯೋಜನವಿರಲಿಲ್ಲ. ಹೊಳೆಗಳಿಗೆ ಸೇತುವೆಗಳಾಗಿ ಪಶ್ಚಿಮ ಕರಾವಳಿಯ ಹೆದ್ದಾರಿ ಸಿದ್ಧವಾದಂತೆ ಬಸ್ಸುಗಳು ಹಡಗಿನ ಸ್ಥಾನಕ್ಕೆ ಬಂದವು. ಇನ್ನು ಹಲವು ಬಸ್ಸುಗಳು ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ದಾರಿ ಹಿಡಿದವು. ಯಾವ ದಾರಿಯಾದರೂ ಸುಮಾರು ಒಂದು ದಿನ ಕುಳಿತೇ ಕಳೆಯಬೇಕಾದ ಈ ಪ್ರಯಾಣ ಮುದುಕರಿಗೂ ಬಸುರಿಯರಿಗೂ ಶಿಕ್ಷೆಯಂತಿತ್ತು. ರೈಲೇ ಬೇಕೆಂದವರು ಮಂಗಳೂರಿನಿಂದ ದಕ್ಷಿಣಕ್ಕಿಳಿದು, ಪಾಲಕ್ಕಾಡಿನ ಬಳಿ ಘಟ್ಟಸಾಲನ್ನು ದಾಟಿ, ದಕ್ಷಿಣ ಭಾರತವನ್ನೇ ಬಳಸಿ ಉತ್ತರಕ್ಕೆ ಏರಬೇಕಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಕರಾವಳಿಯ ಉದ್ದಕ್ಕೂ ಮುಂಬಯಿಯತ್ತ ಸಾಗುವ ಕೊಂಕಣ ರೈಲ್ವೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ರೂಪುಗೊಂಡು 1990ರ ಜುಲೈಯಲ್ಲಿ ನೋಂದಣಿಯಾದ ನಿಗಮದಲ್ಲಿ ಕೇಂದ್ರ ಸರಕಾರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳಗಳದು ತಲಾ 6 ಆಗಿತ್ತು. ಈ ಪಾಲು ಬಂಡವಾಳದ ಮೇಲೆ ಬೇಕಾದ ಹಣವನ್ನು ಬಾಂಡುಗಳ ಮೂಲಕ, ಅಂದರೆ ಬಡ್ಡಿ ಕೊಡುವ ಸಾಲಪತ್ರಗಳನ್ನು ಜನರಿಗೆ ಮಾರಿ, ಎತ್ತಲಾಯಿತು. ನಿಗಮದ ಮುಖ್ಯಸ್ಥ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ನಡೆದ ಕೆಲಸದಲ್ಲಿ ಗಟ್ಟಿ ಬಂಡೆಗಿಂತ ಹೆಚ್ಚು ಕಾಡಿದ್ದು ನೀರು ಕುಡಿದು ಕುಸಿಯುವ ಮೆದು ಮಣ್ಣು. ಗೋವೆಯ ಪೆಡ್ಣೆ ಸುರಂಗ ಮತ್ತೆ ಮತ್ತೆ ಕುಸಿದು ಇಡೀ ಮಾರ್ಗದ ಉದ್ಘಾಟನೆಯನ್ನೇ ಮುಂದೂಡಿಸಿತು. ಹೊನ್ನಾವರದಲ್ಲಿ ಶರಾವತಿಗೆ 2 ಕಿಲೋಮೀಟರಿಗೂ ಉದ್ದದ ಸೇತುವೆ ಬೇಕಾಯಿತು. ಮಂಗಳೂರು–ಉಡುಪಿ ಭಾಗದಲ್ಲಿ 1993ರ ಮಾರ್ಚಿನಲ್ಲೇ ರೈಲು ಓಡಿದರೂ ಇಡೀ ಮಾರ್ಗದಲ್ಲಿ ಓಡಾಟ ಆರಂಭವಾದದ್ದು 1998ರ ಜನವರಿ 26ರಂದು. ನಿಗಮದ ಲೆಕ್ಕದಂತೆ ಮಂಗಳೂರು–ಮುಂಬಯಿ ನಡುವಿನ ರೈಲು ದಾರಿ 2,041 ಕಿಲೋಮೀಟರಿನಿಂದ 914ಕ್ಕೂ, ಪ್ರಯಾಣದ ಅವಧಿ 41 ಗಂಟೆಯಿಂದ 15ಕ್ಕೂ ಇಳಿಯಿತು.

ಅದೇ ವರ್ಷ ಆರಂಭವಾದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಮಂಗಳೂರು ಬಿಟ್ಟು ಮರುದಿನ ಬೆಳಗ್ಗೆ ಮುಂಬಯಿ ಮುಟ್ಟುವಂತೆ ಓಡಿತು. ಗಂಟೆಗಳ ಲೆಕ್ಕದಲ್ಲಿ ವಿಮಾನದ ಮುಂದೆ ರೈಲು ನಿಲ್ಲಲಾರದು. ಆದರೆ ವಿಮಾನ ಜೋಡಿಸುವುದು ಎರಡು ನಗರಗಳನ್ನು ಮಾತ್ರ, ಬೈಂದೂರಿನವರು ಅದನ್ನು ಹತ್ತಲು ಮೊದಲು 100 ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ, ತಾವು ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ, ಹೋಗಬೇಕು. ರೈಲಾದರೋ ಕುಂದಾಪುರ, ಭಟ್ಕಳ, ಕುಮಟಾಗಳಲ್ಲಿ ನಿಂತು, ಕುಚ್ಚಲಕ್ಕಿಯ ಚೀಲವನ್ನೂ ತೆಂಗಿನಕಾಯಿಯನ್ನೂ ಹಲಸಿನ ಹಣ್ಣನ್ನೂ ಜನರ ಜೊತೆಗೇ ಹತ್ತಿಸಿಕೊಳ್ಳುತ್ತದೆ. ಮಲಗಿ ಪ್ರಯಾಣಿಸುವ ಸ್ಲೀಪರ್ ದರ್ಜೆಯ ಟಿಕೆಟ್ಟು ಕೂಲಿಯವರ ಕೈಗೂ ಎಟುಕುವಂತಾದ್ದರಿಂದ, ಎರಡು ಮೂರು ವರ್ಷಕ್ಕೊಮ್ಮೆ ಊರು ಕಾಣುತ್ತಿದ್ದವರು ನೇಮಕ್ಕೂ, ಅಂದರೆ ದೈವಾರಾಧನೆಗೂ, ಮದುವೆಗೂ ಬಂದು ಹೋಗುವುದು ಸಾಧ್ಯವಾಯಿತು. ಈ ಮಾರ್ಗದ ನಿಜವಾದ ಸಾಧನೆಯನ್ನು ಸುರಂಗಗಳ ಉದ್ದಕ್ಕಿಂತ ಇಲ್ಲಿಯೇ ಹುಡುಕಬೇಕು.

ಮಳೆಯ ಹಿಡಿತ ಮಾತ್ರ ಪೂರ್ತಿ ಸಡಿಲಲಿಲ್ಲ. 2003 ಮತ್ತು 2004ರ ಜೂನ್ ತಿಂಗಳುಗಳಲ್ಲಿ ಮಹಾರಾಷ್ಟ್ರದ ಭಾಗದಲ್ಲಿ ಹಳಿಗೆ ಬಂಡೆಗಳು ಬಿದ್ದು ರೈಲುಗಳು ಉರುಳಿದವು, ಜೀವಹಾನಿಯಾಯಿತು. ಇಂದಿಗೂ ಮುಂಗಾರಿನ ತಿಂಗಳುಗಳಿಗೆ ಪ್ರತ್ಯೇಕ ವೇಳಾಪಟ್ಟಿಯಿದ್ದು, ರೈಲುಗಳು ವೇಗ ತಗ್ಗಿಸಿ ಓಡುತ್ತವೆ. 2021ರಲ್ಲಿ ಮಹಾರಾಷ್ಟ್ರದ ರೋಹಾ–ವೀರ್ ನಡುವೆ ಎರಡನೇ ಹಳಿ ಬಿದ್ದರೂ ಕರ್ನಾಟಕದ ಭಾಗ ಒಂಟಿ ಹಳಿಯಾಗಿಯೇ ಉಳಿದಿದೆ. ಎದುರು ಬರುವ ಗಾಡಿಗಾಗಿ ನಿಲ್ದಾಣದಲ್ಲಿ ಕಾಯಬೇಕಾದ ಈ ವ್ಯವಸ್ಥೆಯಲ್ಲಿ, ಚೌತಿಯ ಹೊತ್ತಿಗೆ ಊರಿಗೆ ಹೊರಡುವವರೆಲ್ಲರಿಗೂ ಸಾಕಾಗುವಷ್ಟು ಹೆಚ್ಚುವರಿ ರೈಲುಗಳನ್ನು ಓಡಿಸುವುದು ಕಷ್ಟ.