ವಿಶ್ವವಿದ್ಯಾಲಯಗಳಲ್ಲಿ ಬುಡಕಟ್ಟು ಸಮುದಾಯಗಳ ರಾಜಕೀಯ ಪ್ರಾತಿನಿಧ್ಯ ಕುರಿತ ಚರ್ಚೆ: ಸಾಮಾನ್ಯ ಮಾಹಿತಿ

ಪೀಠಿಕೆ

ಪರಿಶಿಷ್ಟ ಪಂಗಡಗಳ ರಾಜಕೀಯ ಪ್ರಾತಿನಿಧ್ಯವು ವಿಶ್ವವಿದ್ಯಾಲಯಗಳ ತರಗತಿ, ವಿಚಾರ ಸಂಕಿರಣ ಹಾಗೂ ಚರ್ಚಾ ಸ್ಪರ್ಧೆಗಳಲ್ಲಿ ಆಗಾಗ್ಗೆ ಪ್ರಸ್ತಾಪವಾಗುವ ವಿಷಯವಾಗಿದೆ. ಯಾವ ಸಮುದಾಯದ ಬಗ್ಗೆ ಚರ್ಚೆ ನಡೆಯುತ್ತದೆಯೋ ಆ ಸಮುದಾಯದ ವಿದ್ಯಾರ್ಥಿಯು ಅದೇ ಸಭೆಯಲ್ಲಿ ಏಕಾಂಗಿಯಾಗಿ ಕುಳಿತಿರುವ ಸಾಧ್ಯತೆ ಇರುತ್ತದೆ. ಆದುದರಿಂದ ಚರ್ಚೆಯು ಸರಿಯಾದ ಮಾಹಿತಿ ಮತ್ತು ಗೌರವದಿಂದ ಕೂಡಿರುವುದು ಅವಶ್ಯಕ.

ಸಂವಿಧಾನದ ಅವಕಾಶಗಳು

ಸಂವಿಧಾನದ 330ನೇ ಅನುಚ್ಛೇದವು ಲೋಕಸಭೆಯಲ್ಲಿ, 332ನೇ ಅನುಚ್ಛೇದವು ವಿಧಾನಸಭೆಯಲ್ಲಿ ಹಾಗೂ 243ಡಿ ಅನುಚ್ಛೇದವು ಪಂಚಾಯಿತಿಗಳಲ್ಲಿ ಸ್ಥಾನಗಳನ್ನು ಮೀಸಲಿರಿಸುತ್ತವೆ. 104ನೇ ತಿದ್ದುಪಡಿಯ ಮೂಲಕ ಲೋಕಸಭೆ ಮತ್ತು ವಿಧಾನಸಭೆಗಳ ಮೀಸಲಾತಿಯನ್ನು 2030ರ ಜನವರಿವರೆಗೆ ವಿಸ್ತರಿಸಲಾಗಿದೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಯು ಪರಿಶಿಷ್ಟ ಪಂಗಡಕ್ಕೆ ಸೇರಿರಬೇಕೇ ಹೊರತು, ಮತದಾನದ ಹಕ್ಕು ಕ್ಷೇತ್ರದ ಎಲ್ಲಾ ಮತದಾರರಿಗೂ ಇರುತ್ತದೆ.

ರಾಜ್ಯದಲ್ಲಿನ ಸ್ಥಿತಿ

2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರ ಸಂಖ್ಯೆ ಸುಮಾರು 42.49 ಲಕ್ಷ (ಶೇ. 6.95). 2008ರ ಕ್ಷೇತ್ರ ಪುನರ್ವಿಂಗಡಣೆಯಂತೆ ವಿಧಾನಸಭೆಯ 224 ಸ್ಥಾನಗಳ ಪೈಕಿ 15 ಹಾಗೂ ಲೋಕಸಭೆಯ 28 ಸ್ಥಾನಗಳ ಪೈಕಿ 2 (ಬಳ್ಳಾರಿ, ರಾಯಚೂರು) ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ.

ಪಂಗಡದ ಜನಸಂಖ್ಯೆಯ ಪ್ರಮಾಣ ಅಧಿಕವಾಗಿರುವ ಕ್ಷೇತ್ರಗಳನ್ನೇ ಮೀಸಲಿಗೆ ಗುರುತಿಸಲಾಗುತ್ತದೆ. ಇದರ ಪರಿಣಾಮವಾಗಿ ಅಲ್ಪ ಸಂಖ್ಯೆಯಲ್ಲಿ ಚದುರಿ ವಾಸಿಸುವ ಅರಣ್ಯಾಧಾರಿತ ಸಮುದಾಯಗಳ ನೆಲೆಗಳು ಬಹುತೇಕ ಈ ಪಟ್ಟಿಯಿಂದ ಹೊರಗುಳಿದಿವೆ. ಕೊರಗರಿರುವ ದಕ್ಷಿಣ ಕನ್ನಡ ಮತ್ತು ಉಡುಪಿ, ಸೋಲಿಗರಿರುವ ಚಾಮರಾಜನಗರ, ಜೇನುಕುರುಬರಿರುವ ಕೊಡಗು, ಸಿದ್ದಿಯರಿರುವ ಉತ್ತರ ಕನ್ನಡ ಜಿಲ್ಲೆಗಳಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರವಿರುವುದಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಮೀಸಲು ಕ್ಷೇತ್ರವಾಗಿದೆ. ಸಿದ್ದಿ ಸಮುದಾಯದ ಶ್ರೀ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ, ನಾಮನಿರ್ದೇಶನದ ಮೂಲಕ. ರಾಜ್ಯದಲ್ಲಿ ಐದನೇ ಅನುಸೂಚಿಯ ಪ್ರದೇಶಗಳು ಇಲ್ಲದಿರುವುದರಿಂದ, ಅಂತಹ ಪ್ರದೇಶಗಳ ಪಂಚಾಯಿತಿಗಳಿಗೆ ಸಂಬಂಧಿಸಿದ 1996ರ ಕೇಂದ್ರ ಅಧಿನಿಯಮವು ಇಲ್ಲಿ ಅನ್ವಯಿಸುವುದಿಲ್ಲ.

ಹೀಗಾಗಿ "ಪರಿಶಿಷ್ಟ ಪಂಗಡಕ್ಕೆ ಸ್ಥಾನ ದೊರೆತಿದೆ" ಎಂಬುದೂ "ಪ್ರತಿ ಸಮುದಾಯಕ್ಕೂ ಧ್ವನಿ ದೊರೆತಿದೆ" ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಚರ್ಚೆಯಲ್ಲಿ ಇವೆರಡನ್ನೂ ಪ್ರತ್ಯೇಕವಾಗಿ ಪರಿಗಣಿಸುವುದು ಸೂಕ್ತ.

ಚರ್ಚೆ ಏರ್ಪಡಿಸುವವರು ಗಮನಿಸಬೇಕಾದ ಅಂಶಗಳು

1. ಸಮುದಾಯಗಳನ್ನು ಅವು ಒಪ್ಪುವ ಹೆಸರಿನಿಂದಲೇ ಉಲ್ಲೇಖಿಸುವುದು. "ಕಾಡು ಜನ", "ಹಿಂದುಳಿದ ಬುದ್ಧಿಯವರು" ಮುಂತಾದ ಪದಗಳನ್ನು ಬಳಸಬಾರದು.

2. ಸಮುದಾಯದ ಹಿರಿಯರು, ಪಂಚಾಯಿತಿ ಸದಸ್ಯರು ಮತ್ತು ಸಂಶೋಧಕರನ್ನು ಶ್ರೋತೃಗಳನ್ನಾಗಿ ಮಾತ್ರವಲ್ಲದೆ ಭಾಷಣಕಾರರನ್ನಾಗಿಯೂ ಆಹ್ವಾನಿಸುವುದು.

3. ಸಮುದಾಯದ ವಿದ್ಯಾರ್ಥಿಯನ್ನು ಇಡೀ ಸಮುದಾಯದ ಪರವಾಗಿ ಉತ್ತರಿಸುವಂತೆ ಒತ್ತಾಯಿಸಬಾರದು. ಮೌನವಾಗಿರುವುದೂ ಆತನ ಅಥವಾ ಆಕೆಯ ಹಕ್ಕಾಗಿರುತ್ತದೆ.

4. ಮೀಸಲಾತಿ ನೀತಿಯ ಬಗ್ಗೆ ಭಿನ್ನಾಭಿಪ್ರಾಯ ವ್ಯಕ್ತಪಡಿಸಲು ಎಲ್ಲರಿಗೂ ಅವಕಾಶವಿದೆ. ಆದರೆ ವ್ಯಕ್ತಿಯ ಅರ್ಹತೆ ಅಥವಾ ಹುಟ್ಟನ್ನು ಹೀಯಾಳಿಸುವುದು ಚರ್ಚೆಯಾಗುವುದಿಲ್ಲ. ಪರಿಶಿಷ್ಟ ಪಂಗಡದ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಅಧಿನಿಯಮದಡಿ ಶಿಕ್ಷಾರ್ಹ ಅಪರಾಧವಾಗಿದೆ.

5. ಹಿಂದಿನ ಅಪಮಾನಗಳನ್ನು ವಿನೋದದ ವಿಷಯವನ್ನಾಗಿಸಬಾರದು. ಕೊರಗರ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯನ್ನು ರಾಜ್ಯವು 2000ನೇ ಇಸವಿಯ ಅಧಿನಿಯಮದ ಮೂಲಕ ನಿಷೇಧಿಸಿದೆ ಎಂಬುದನ್ನು ಸ್ಮರಿಸಬಹುದು.

ಸಂಸ್ಥೆಗಳ ಮುಖ್ಯಸ್ಥರು, ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.