ಹೊಸ ಜಿಎಂ, ಹಳೇ ಸ್ವಿಚ್ಚು

2009ರಲ್ಲಿ ದಿವಾಳಿಯಾದ ಜನರಲ್ ಮೋಟರ್ಸ್ ಕಂಪನಿಯನ್ನು ಅಮೆರಿಕ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಸುರಿದು ಉಳಿಸಿತು. ಕಾರ್ಖಾನೆ, ಬ್ರ್ಯಾಂಡು, ಎಂಜಿನಿಯರುಗಳಲ್ಲಿ ಮುಖ್ಯವಾದವರೆಲ್ಲ 'ಹೊಸ' ಜಿಎಂಗೆ ಬಂದರು. ಅಲ್ಲೀವರೆಗಿನ ಅಪಘಾತಗಳ ಹೊಣೆ ಮಾತ್ರ 'ಹಳೇ' ಜಿಎಂ ತಲೆಗೇ ಉಳೀತು.

ಅದರ ಕೋಬಾಲ್ಟ್ ಕಾರುಗಳಲ್ಲಿ ಓಡ್ತಿರುವಾಗಲೇ ಇಗ್ನಿಷನ್ ಸ್ವಿಚ್ಚು ಜಾರಿ ಎಂಜಿನ್ ಆಫ್ ಆಗ್ತಿತ್ತು. ಗುದ್ದಿದರೆ ಏರ್‌ಬ್ಯಾಗೂ ತೆರೀತಿರಲಿಲ್ಲ. 2006ರಲ್ಲಿ ಸ್ವಿಚ್ಚಿನ ವಿನ್ಯಾಸ ಬದಲಿಸಿದರು, ಪಾರ್ಟ್ ನಂಬರ್ ಬದಲಿಸಲಿಲ್ಲ. ವರ್ಷನ್ ನಂಬರ್ ಏರಿಸದೆ ಕೋಡ್ ತಿದ್ದಿದರೆ ಬಗ್ ಹುಡುಕೋರ ಪಾಡೇನು ಅಂತ ನಮ್ಮಂಥವರಿಗೆ ಗೊತ್ತು.

ಸರ್ಕಾರ ಕೊನೆಯ ಷೇರು ಮಾರಿದ್ದು 2013ರ ಡಿಸೆಂಬರಿನಲ್ಲಿ. ರೀಕಾಲ್ ಶುರುವಾಗಿದ್ದು 2014ರ ಫೆಬ್ರವರಿಯಲ್ಲಿ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ದೋಷದ ಸುಳಿವಿದ್ದೂ ಗ್ರಾಹಕರಿಗೆ ತಿಳಿಸದ ಮೇಲೆ ದಿವಾಳಿ ಆದೇಶವನ್ನೇ ಗುರಾಣಿ ಮಾಡ್ಕೊಳ್ಳೋ ಹಾಗಿಲ್ಲ ಅಂತ 2016ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು.

ತೀರಿಸಲಾಗದ ಸಾಲಕ್ಕೆ ದಿವಾಳಿ ಕಾನೂನಿನ ಆಸರೆ ಇರಲಿ. ಗೊತ್ತಿದ್ದೂ ಹೇಳದೇ ಇದ್ದದ್ದಕ್ಕೆ ಯಾಕೆ ಅನ್ನೋದು ನನ್ನ ಪ್ರಶ್ನೆ.